ಕೊಸರಿಗೆ ಬಂದ ನೋಟಿಸು

ಆ ಹೆಣ್ಣುಮಗಳು ಕಾರು ನೋಡಲು ಬಂದ ದಿನ ನಾನು ಮಾಡಿದ ತಪ್ಪು ಇಷ್ಟೆ: ಅವಳ ಉಡಿ ತುಂಬಿ ಕಳಿಸಿದೆ.

ಬೈಲಹೊಂಗಲದಲ್ಲಿ ನಮ್ಮದೊಂದು ಸಣ್ಣ ಕಾರಿನ ಶೋರೂಮ್ ಇದೆ. ಬೋರ್ಡಿನ ಮೇಲೆ ಕಂಪನಿಯ ಹೆಸರು ದೊಡ್ಡದು, ನಮ್ಮದು ಸಣ್ಣದು. ಹಿಂದಿನ ವರ್ಕ್‌ಶಾಪ್ ಮಗನದು, ಮುಂದಿನ ಮಾರಾಟ ಸೊಸೆಯದು. ನನ್ನದು ಡೆಲಿವರಿ. ಅಂದರೆ ಗಾಡಿ ಹೊರಗೆ ಹೋಗುವಾಗ ಆರತಿ ಎತ್ತುವುದು, ಗಾಲಿಯ ಕೆಳಗೆ ನಿಂಬೆಹಣ್ಣು ಇಡುವುದು, ಕೊಂಡವರ ಮನೆಯ ಹೆಣ್ಣುಮಕ್ಕಳಿಗೆ ಅಕ್ಕಿ, ಒಣಕೊಬ್ಬರಿ, ಅಡಿಕೆ, ಅರಿಶಿನ ಕೊಂಬು, ಮೇಲೊಂದು ಕುಪ್ಪಸದ ಖಣ ಇಟ್ಟು ಉಡಿ ತುಂಬುವುದು. ಇದಲ್ಲದೆ ಗಿರಾಕಿಯ ಮುಖ ನೋಡಿ ಒಂದಿಷ್ಟು ಕೊಸರು. ಸಂತೆಯಲ್ಲಿ ತೂಕ ಮುಗಿದ ಮೇಲೆ ಒಂದು ಹಿಡಿ ಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಾರಲ್ಲ, ಅದೇ ಕೊಸರು. ನಮ್ಮಲ್ಲಿ ಮೆಣಸಿನಕಾಯಿಯ ಬದಲು ಕಾಲಿನ ಮ್ಯಾಟು, ಸೀಟಿನ ಕವರು.

ಆಕೆಗೆ ನಲವತ್ತರ ಆಸುಪಾಸು. ಕೈಯಲ್ಲಿ ಒಂದು ದೊಡ್ಡ ಚೀಲ. ಸೊಸೆ ಕಾರು ತೋರಿಸಿ ಕೊಟೇಷನ್ ಬರೆದುಕೊಟ್ಟಳು. ಅದನ್ನು ಮಡಚಿಟ್ಟುಕೊಂಡು ಆಕೆ ನನ್ನ ಕಡೆ ತಿರುಗಿದಳು.

“ಅಮ್ಮಾರ, ಇದು ಕಂಪನಿ ರೇಟ್ ಆತು. ನೀವೇನ್ ಕೊಡ್ತೀರಿ?”

“ನೀ ಏನ್ ಕೇಳ್ತಿ ಕೇಳವ್ವಾ.”

“ಮ್ಯಾಟು?”

“ಕೊಟ್ಟೆ.”

“ಸೀಟ್ ಕವರು?”

“ಅದನ್ನೂ ಕೊಟ್ಟೆ. ಗಂಡನ್ನ ಕರಕೊಂಡ ಬಾ, ಅವಂಗೂ ಒಂದ ಟವೆಲ್ ಹೊದಸ್ತೀನಿ.”

ಆಕೆ ನಕ್ಕಳು. ಅಂದು ಶುಕ್ರವಾರ. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ಗಾಡಿ ಕೊಳ್ಳುವ ಮೊದಲೇ ಉಡಿ ತುಂಬಿದೆ. ಸೆರಗೊಡ್ಡಿ ತೆಗೆದುಕೊಂಡು, ಕಾಲಿಗೆ ನಮಸ್ಕಾರವನ್ನೂ ಮಾಡಿ ಹೋದಳು. ಅಷ್ಟು ಹೊತ್ತೂ ಆ ಚೀಲ ಮೇಜಿನ ಮೇಲೆ ನನ್ನ ಕಡೆಗೇ ಮುಖ ಮಾಡಿ ಕೂತಿತ್ತು ಎಂಬುದು ನನಗೆ ಆಮೇಲೆ ನೆನಪಾಯಿತು.

ಎರಡು ವಾರ ಕಳೆದಿರಬೇಕು, ಕಂಪನಿಯಿಂದ ನೋಟಿಸು ಬಂತು. ಆಕೆ ಗಿರಾಕಿಯೇ ಅಲ್ಲ. ಡೀಲರುಗಳು ಗೊತ್ತುಮಾಡಿದ ರಿಯಾಯಿತಿಗಿಂತ ಹೆಚ್ಚು ಕೊಡುತ್ತಾರೋ ಎಂದು ನೋಡಲು ಕಂಪನಿ ಕಳಿಸುವ ಗುಪ್ತ ಗಿರಾಕಿ. ಚೀಲದಲ್ಲಿ ಕ್ಯಾಮೆರಾ ಇತ್ತು. ನೋಟಿಸಿನ ಹಿಂದೆ ಒಂದು ಪಟ್ಟಿ ಲಗತ್ತಾಗಿತ್ತು. ಸೊಸೆ ಓದುತ್ತಾ ಹೋದಳು: “ಅನುಮತಿ ಇಲ್ಲದ ಕೊಡುಗೆಗಳು. ಮ್ಯಾಟು ಒಂದು ಜೊತೆ, ಭರವಸೆ. ಸೀಟಿನ ಕವರು, ಭರವಸೆ. ಒಣಕೊಬ್ಬರಿ ಎರಡು ಹೋಳು, ಕೊಟ್ಟಿದ್ದು. ಅಡಿಕೆ ಐದು, ಕೊಟ್ಟಿದ್ದು. ಬಟ್ಟೆ ಒಂದು ತುಂಡು, ಕೊಟ್ಟಿದ್ದು.”

“ಟವೆಲ್ ಬರದಿಲ್ಲೇನ?” ಎಂದೆ.

“ಬರದಾರ. ಭರವಸೆ ಅಂತ.”

ನಾನು ನಕ್ಕೆ. ಸೊಸೆ ನಗಲಿಲ್ಲ. “ಅತ್ಯಾರ, ಮುಂದ ಕೇಳ್ರಿ. ದಂಡ ಹಾಕ್ಯಾರ. ಸಂಬಂಧಪಟ್ಟ ಸಿಬ್ಬಂದಿನ ಮೂವತ್ತ ದಿನದಾಗ ಕೆಲಸದಿಂದ ತಗೀರಿ ಅಂದಾರ.”

“ಯಾರವ್ವಾ ಆ ಸಿಬ್ಬಂದಿ?”

“ನೀವ.”

ಮತ್ತೂ ನಗು ಬಂತು. ಆದರೆ ಕೊನೆಯ ಸಾಲು ಕೇಳಿದ ಮೇಲೆ ಅದು ನಿಂತಿತು. ನಮ್ಮ ಡೀಲರ್ ಒಪ್ಪಂದದ ಅವಧಿ ಇನ್ನು ನಾಲ್ಕು ತಿಂಗಳಲ್ಲಿ ಮುಗಿಯುವುದಿತ್ತು. ಈ ವಿಷಯ ಇತ್ಯರ್ಥವಾಗುವವರೆಗೆ ಅದನ್ನು ಮುಂದುವರಿಸುವುದಿಲ್ಲ ಎಂದು ಬರೆದಿದ್ದರು. ಒಪ್ಪಂದವಿಲ್ಲದಿದ್ದರೆ ಬೋರ್ಡು ಇಳಿಯುತ್ತದೆ. ಆ ಶೋರೂಮನ್ನು ಸೊಸೆ ಒಬ್ಬಳೇ ಓಡಾಡಿ ಎಬ್ಬಿಸಿದ್ದಳು. ನನ್ನ ಐದು ಅಡಿಕೆಗೆ ಅವಳ ಬೋರ್ಡು ಇಳಿಯುವುದೆಂದರೆ?

ಮರುದಿನ ಕಂಪನಿಯ ಏರಿಯಾ ಅಧಿಕಾರಿ ಬಂದರು. ನನ್ನ ಮಗನ ವಯಸ್ಸು, ಇಸ್ತ್ರಿ ಮಾಡಿದ ಮಾತು. ಚಹಾ ಕೊಟ್ಟು ಎದುರಿಗೆ ಕೂತೆ.

“ಸಾಹೇಬ್ರ, ಗಾಡಿ ನಿಮಗ ರೊಕ್ಕಾ ಕೊಟ್ಟ ನಾವು ತಂದೀವಿ. ನಮಗ ಬರೂದರಾಗ ಒಂದೀಟ ಬಿಟ್ಟಕೊಟ್ರ ನಿಮಗ್ಯಾಕ ಹೊಟ್ಟಿನೋವು?”

ಅವರು ಸಿಟ್ಟಾಗಲಿಲ್ಲ. “ಅಮ್ಮಾರ, ಒಂದ ಮಾತ ಕೇಳ್ರಿ. ಗಿರಾಕಿ ನಿಮ್ಮಲ್ಲಿ ಬರ್ತಾನ. ನೀವು ಚಹಾ ಕೊಡ್ತೀರಿ, ಗಾಡಿ ಓಡಸಾಕ ಕೊಡ್ತೀರಿ, ಒಂದ ತಾಸು ತಿಳಿಸಿ ಹೇಳ್ತೀರಿ. ಆಮ್ಯಾಲ ಅಂವ ಸವದತ್ತಿಗೆ ಹೋಗಿ ಎರಡ ಸಾವಿರ ಕಡಿಮಿಗೆ ತಗೊಂಡ್ರ? ನಾಳೆ ನೀವು ಚಹಾ ಬಂದ್ ಮಾಡ್ತೀರಿ. ಎಲ್ಲಾರೂ ಬಂದ್ ಮಾಡ್ತಾರ. ಶೋರೂಮ್ ಉಳೀತಾವೇನು?”

ಈ ಮಾತು ನನಗೆ ನಾಟಿತು. ಸುಳ್ಳಲ್ಲ. ನಮ್ಮಲ್ಲಿ ಓಡಿಸಿ ನೋಡಿ ಬೇರೆ ಕಡೆ ಕೊಂಡವರು ಇದ್ದಾರೆ. ಹಾಗಾದರೆ ಯಾರದು ಸರಿ? ಕೊಸರು ಕೊಡುವ ನಾನೋ, ಬೇಡವೆನ್ನುವ ಅವರೋ? ಭಯಕ್ಕಿಂತ ಹೆಚ್ಚಾಗಿ ಇದನ್ನು ತಿಳಿಯುವ ಹುಚ್ಚು ಹಿಡಿಯಿತು.

ಮೊದಲು ಒಪ್ಪಂದ ಓದಿಸಿದೆ. ನೂರಾರು ಪುಟದ ಇಂಗ್ಲಿಷು. ದಿನಾ ಊಟದ ನಂತರ ಸೊಸೆ ಓದಿ ಹೇಳುವುದು, ನಾನು ಕೇಳುವುದು. ಬೋರ್ಡಿನ ಅಳತೆ ಇತ್ತು, ನೆಲದ ಟೈಲ್ಸಿನ ಬಣ್ಣ ಇತ್ತು, ಸಿಬ್ಬಂದಿಯ ಅಂಗಿಯ ಬಣ್ಣವೂ ಇತ್ತು. ದರದಲ್ಲಿ ಇಷ್ಟಕ್ಕಿಂತ ಹೆಚ್ಚು ಬಿಡಬಾರದು ಎಂಬ ಮಾತು ಮಾತ್ರ ಎಲ್ಲೂ ಇರಲಿಲ್ಲ. ಅದೆಲ್ಲ ಆಗಾಗ ಬಂದ ಇಮೇಲುಗಳಲ್ಲಿತ್ತು. ಊರಿನ ವಕೀಲರೊಬ್ಬರಿಗೆ ತೋರಿಸಿದರೆ ಅವರು ಕಾಗದದ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, “ಅಮ್ಮಾರ, ಹೊಲದ ಬಾಂದಿನ ಕೇಸ್ ಇದ್ರ ತರ್ರಿ” ಎಂದು ಮರಳಿ ಕೊಟ್ಟರು.

ಆಗ ನನಗೊಂದು ಯೋಚನೆ ಹೊಳೆಯಿತು. ಅವರು ಗುಪ್ತ ಗಿರಾಕಿ ಕಳಿಸಬಹುದಾದರೆ ನಾನೇಕೆ ಆಗಬಾರದು? ಕೈಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಸವದತ್ತಿಯ ಬಸ್ಸು ಹತ್ತಿದೆ. ಇದೇ ಕಂಪನಿಯ ಸಣ್ಣ ಡೀಲರುಗಳು ಸವದತ್ತಿ, ರಾಮದುರ್ಗ, ಕಿತ್ತೂರಿನಲ್ಲೂ ಇದ್ದಾರೆ.

ಸವದತ್ತಿಯ ಶೋರೂಮಿನಲ್ಲಿ ಮಾರಾಟದ ಹೆಣ್ಣುಮಗಳು ಅಚ್ಚುಕಟ್ಟಾಗಿ ಕೊಟೇಷನ್ ಕೊಟ್ಟಳು. ನಾನು ಚೌಕಾಸಿ ಶುರುಮಾಡಿದೆ. ಮ್ಯಾಟು ಕೇಳಿದೆ, ಇಲ್ಲ. ಕಡೆಗೆ, “ಒಂದ ಕೀ ಚೈನ್ ಆದ್ರೂ ಕೊಡವಾ” ಎಂದೆ.

“ಆಗೂದಿಲ್ರಿ ಅಮ್ಮಾರ. ಕೀ ಚೈನಿಗೂ ಬಿಲ್ ಮಾಡಬೇಕ್ರಿ.” ಅವಳ ಕಣ್ಣು ನನ್ನ ಚೀಲದ ಮೇಲೆ ಬಿತ್ತು. “ಚೀಲದಾಗ ಏನೈತ್ರಿ?”

“ರೊಟ್ಟಿ, ಹಿಂಡಿ. ತಿಂತಿಯೇನ?”

ತಿನ್ನಲಿಲ್ಲ. ಚೀಲವನ್ನು ನೋಡುವುದನ್ನೂ ಬಿಡಲಿಲ್ಲ.

ಅಲ್ಲಿಂದ ರಾಮದುರ್ಗ. ಅಲ್ಲಿಯ ಮಾಲೀಕರು ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಬಾಗಿಲಲ್ಲೇ ಗುರುತು ಹಿಡಿದುಬಿಟ್ಟರು. “ಅಕ್ಕಾರ, ಬೈಲಹೊಂಗಲದಾಗ ಗಾಡಿ ತೀರ್ಯಾವೇನ್ರಿ, ಇಲ್ಲಿ ಬಂದೀರಿ?”

ನನ್ನ ಗುಪ್ತಚರ ಕೆಲಸ ಅಲ್ಲಿಗೇ ಮುಗಿಯಿತು. ಇದ್ದದ್ದು ಇದ್ದಂತೆ ಹೇಳಿದೆ. ಅವರು ಗಿರ್ಮಿಟ್ ತರಿಸಿದರು. “ನನಗೂ ಬಿದ್ದೈತ್ರಿ ಅಕ್ಕಾರ. ತೊರಗಲ್ಲದವರೊಬ್ಬರು ಮನಿಮಂದಿಯೆಲ್ಲಾ ಗಾಡಿ ಒಯ್ಯಾಕ ಬಂದಿದ್ರು. ಊರತನಕ ಹೋಗಲಿ ಅಂತ ಟ್ಯಾಂಕಿನಾಗ ಒಂದೀಟ ಎಣ್ಣಿ ಹಾಕಿಸಿದೆ. ಅದಕ್ಕೂ ದಂಡ. ಈಗ ಗಾಡಿ ಕೊಡೂಮುಂದ ಕೈ ಮುಗಿಯಾಕೂ ಅಂಜಿಕಿ.”

ಎರಡು ದಿನ ಬಿಟ್ಟು ಕಿತ್ತೂರಿಗೂ ಹೋಗಿಬಂದೆ. ಮನೆಗೆ ಬಂದು ಮೂರು ಊರಿನ ಕೊಟೇಷನ್ ಮತ್ತು ನಮ್ಮದನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ನಾಲ್ಕು ಚೀಟಿಯಲ್ಲ, ಒಂದೇ ಚೀಟಿ. ಕೊನೆಯ ರೂಪಾಯಿಯವರೆಗೂ ಒಂದೇ. ಸಂತೆಯಲ್ಲಿ ನಾಲ್ಕು ಅಂಗಡಿಯ ಬದನೆಕಾಯಿಗೆ ಎಂದಾದರೂ ಒಂದೇ ದರ ಇದ್ದದ್ದುಂಟೇ?

ಇಲ್ಲಿಂದ ಮುಂದೆ ನಾನು ಮಾಡಿದ್ದು ಜಾಣತನ ಎಂದೇ ತಿಳಿದಿದ್ದೆ. ಮೂರೂ ಊರಿನ ಮಾಲೀಕರನ್ನು ಒಂದು ರವಿವಾರ ಊಟಕ್ಕೆ ಕರೆದೆ. ಎಣ್ಣೆಗಾಯಿ, ರೊಟ್ಟಿ, ಶೇಂಗಾ ಹೋಳಿಗೆ. ಊಟವಾದ ಮೇಲೆ ಹೇಳಿದೆ, “ಒಬ್ಬರು ಕೊಟ್ರ ಒಬ್ಬರಿಗೆ ದಂಡ. ನಾಲ್ಕೂ ಮಂದಿ ಕೂಡಿ ಕೊಟ್ರ ಯಾರಿಗೆ ಹಾಕ್ತಾರ? ಕೊಸರು ಒಂದ ಅಳತಿ ಮಾಡೂಣು.” ಎಲ್ಲರೂ ತಲೆದೂಗಿದರು. ನಮ್ಮ ಹಿರಿಯರು ವ್ಯಾಪಾರದ ಮಾತು ಮುಗಿಸುತ್ತಿದ್ದ ಹಾಗೆ, ವೀಳ್ಯ ಹಂಚಿದೆ. ಅದನ್ನು ಬಾಯಿಗೆ ಹಾಕಿಕೊಂಡರೆ ಮಾತು ಕೊಟ್ಟ ಹಾಗೆ. ನಾಲ್ವರೂ ಹಾಕಿಕೊಂಡೆವು.

ಆ ತಿಂಗಳಷ್ಟೇ ನಾನು ಫೋನಿನಲ್ಲಿ ಟೈಪ್ ಮಾಡಲು ಕಲಿತಿದ್ದೆ. ಕಲಿತದ್ದು ಸುಮ್ಮನಿರಬಾರದೆಂದು ಅಲ್ಲೇ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿ ಬರೆದೆ: “ನಾಲ್ಕೂ ಊರಿನಲ್ಲಿ ಕೊಸರು ಒಂದೇ. ಮ್ಯಾಟು ಒಂದು ಜೊತೆ, ಉಡಿ ಒಂದು. ಯಾರೂ ಇದಕ್ಕಿಂತ ಹೆಚ್ಚು ಕೊಡಬಾರದು, ಕಡಿಮೆಯೂ ಕೊಡಬಾರದು. ಒಬ್ಬರ ತಾಲೂಕಿನ ಗಿರಾಕಿಯನ್ನು ಇನ್ನೊಬ್ಬರು ಎಳೆಯಬಾರದು.” ಮೂವರೂ “ಒಪ್ಪಿದೆ” ಎಂದು ಬರೆದರು. ರಾಮದುರ್ಗದವರು ಎರಡು ಕೈ ಮುಗಿದ ಚಿತ್ರವನ್ನೂ ಹಾಕಿದರು.

ಮುಂದಿನ ವಾರ ಸೊಸೆ ವಿಚಾರಿಸಿ ಧಾರವಾಡದ ಒಬ್ಬ ವಕೀಲೆಯನ್ನು ಹುಡುಕಿದಳು. ಕಂಪನಿಗಳ ನಡುವಿನ ಪೈಪೋಟಿಗೂ ಒಂದು ಕಾಯ್ದೆ ಇದೆ, ಅದರ ಕೇಸು ನೋಡುವವರು ಇವರು ಎಂದು. ಇಬ್ಬರೂ ಬಸ್ಸಿನಲ್ಲಿ ಹೋದೆವು. ವಕೀಲೆ ಇಮೇಲುಗಳನ್ನು, ಆ ಕೊಬ್ಬರಿಯ ಪಟ್ಟಿಯನ್ನು, ನಾಲ್ಕು ಕೊಟೇಷನ್ನುಗಳನ್ನು ಒಂದೊಂದಾಗಿ ಓದಿದರು.

“ಚಲೋ ಪುರಾವೆ ಅದ” ಎಂದರು. “ಇದಕ್ಕಿಂತ ಹೆಚ್ಚಿಗೆ ಮಾರಬ್ಯಾಡ್ರಿ ಅಂತ ಕಂಪನಿ ಹೇಳಬಹುದು. ಆದರ ಇದಕ್ಕಿಂತ ಕಡಿಮಿಗೆ ಮಾರಬ್ಯಾಡ್ರಿ ಅಂತ ಡೀಲರನ ಕೈ ಕಟ್ಟಿ, ದಂಡಾನೂ ಹಾಕಿದರ ಕಾಯ್ದೆ ಪ್ರಶ್ನೆ ಕೇಳ್ತದ. ಅದರಿಂದ ಪೇಟೆದಾಗಿನ ಪೈಪೋಟಿಗೆ ಪೆಟ್ಟು ಬಿತ್ತೇನು, ಗಿರಾಕಿಗೆ ನುಕ್ಸಾನ ಆತೇನು, ಇಲ್ಲಾ ಏನರೆ ಒಳ್ಳೇದೂ ಆತೇನು ಅಂತ ಈ ಕೇಸು ವಿಚಾರಸೋ ದಿಲ್ಲಿಯ ಆಯೋಗದವರು ತಕ್ಕಡಿಗೆ ಹಾಕಿ ನೋಡ್ತಾರ.”

“ಹಂಗಾರ ಆ ಸಾಹೇಬರ ಚಹಾದ ಮಾತೂ ತಕ್ಕಡಿಗೆ ಬೀಳ್ತೈತಿ?”

“ಬೀಳ್ತದ್ರಿ. ತಕ್ಕಡಿಯ ಎರಡೂ ಪರಡಿ ನೋಡ್ತಾರ.”

ನನಗೆ ಭಾರೀ ಖುಷಿಯಾಯಿತು. ಯಾರದು ಸರಿ ಎಂಬ ನನ್ನ ಪ್ರಶ್ನೆಯನ್ನೇ ಇಟ್ಟುಕೊಂಡು ದಿಲ್ಲಿಯಲ್ಲಿ ಒಂದು ಕಚೇರಿ ಕೂತಿದೆ! ಉತ್ಸಾಹ ತಡೆಯದೆ ಫೋನು ತೆಗೆದು ನನ್ನ ಗುಂಪನ್ನು ತೋರಿಸಿದೆ. “ಇದನ್ನೂ ಹಚ್ಚರಿ ವಕೀಲ್ರ. ನಾನ ಮಾಡಿದ್ದು.”

ಅವರು ಓದಿದರು. ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಓದಿದರು.

“ಅಮ್ಮಾರ, ಕಂಪನಿ ಮ್ಯಾಲ ಕುಂತ ಕೆಳಗಿನವರಿಗೆ ಕಟ್ಟು ಹಾಕೇದ. ಅದನ್ನ ತಕ್ಕಡಿಗೆ ಹಾಕಬೇಕಾಗ್ತದ. ನೀವು ನಾಲ್ಕೂ ಮಂದಿ ಒಬ್ಬರಿಗೊಬ್ಬರು ಪೈಪೋಟಿ ಮಾಡೋರು. ನೀವ ಕೂಡಿ ಅಳತಿ ಗೊತ್ತು ಮಾಡೀರಿ, ಊರು ಹಂಚಿಕೊಂಡೀರಿ. ಇದು ಪೈಪೋಟಿಗೆ ಪೆಟ್ಟು ಅಂತ ಕಾಯ್ದೆ ಮೊದಲ ಹಿಡಕೊಂಡ ಬಿಡ್ತದ. ಅಲ್ಲ ಅಂತ ತೋರಸೂದು ನಿಮ್ಮ ಕೆಲಸ. ಕಂಪನಿಗಿಂತ ನೀವ ಒಂದ ಕೈ ಮುಂದ.”

“ನಾ ಬರೇ ಊಟಕ್ಕ ಕರದಿದ್ನಿರಿ!”

“ದೊಡ್ಡ ದೊಡ್ಡ ಕಂಪನಿಯವರೂ ಊಟಕ್ಕ ಕೂಡತಾರ್ರಿ.”

ಸೊಸೆಯ ಮುಖ ಸುಣ್ಣದಂತಾಗಿತ್ತು. “ಮೇಡಮ್, ಗುಂಪು ಡಿಲೀಟ್ ಮಾಡಿದ್ರ?”

“ಅಳಿಸಿದರ ಮಾಡಿದ್ದು ಹೋಗೂದಿಲ್ಲ. ಮುಚ್ಚಿಟ್ಟದ್ದು ಅಂತ ಇನ್ನೊಂದು ಸೇರತದ. ಮೊದಲು ಅದರಿಂದ ಹೊರಗ ಬರ್ರಿ. ಎಲ್ಲಾರ ಮುಂದ, ಬರದು. ನೋಟಿಸಿಗೆ ಉತ್ತರ ಅಂತ ಕಂಪನಿಗೆ ಬರಿಯೋ ಪತ್ರದಾಗ ಇದನ್ನ ಹೇಳೂದೋ ಬಿಡೂದೋ, ನೀವು ವಿಚಾರ ಮಾಡ್ರಿ. ಹೇಳಿದರ ಅಪಾಯ ಅದ. ಹೇಳದ ಆಮ್ಯಾಲೆ ಹೊರಗ ಬಂದರ ಅದಕ್ಕಿಂತ ಹೆಚ್ಚಿನ ಅಪಾಯ ಅದ.”

ವಾಪಸು ಬರುವಾಗ ದೊಡವಾಡದಲ್ಲಿ ಬಸ್ಸು ನಿಂತಾಗ ಒಬ್ಬ ಮುದುಕಿ ಬುಟ್ಟಿ ತಂದಳು. ಸೊಸೆ ಪೇರಲಹಣ್ಣು ಕೊಂಡಳು. ಕೇಳದಿದ್ದರೂ ಮುದುಕಿ ಕಿಟಕಿಯಿಂದ ಒಂದು ಕಾಯಿ ಹೆಚ್ಚಿಗೆ ಒಗೆದು ಹೋದಳು. ಅದು ನನ್ನ ಮಡಿಲಿಗೆ ಬಿತ್ತು. ಅದನ್ನು ಹಿಡಿದುಕೊಂಡು ಕೂತಾಗ ನನಗೆ ನನ್ನ ತಪ್ಪು ಸರಿಯಾಗಿ ಕಂಡಿತು. ಈ ಮುದುಕಿಗೆ ಯಾರೂ ಎಷ್ಟು ಕೊಡು ಎಂದು ಹೇಳಿಲ್ಲ. ಅಳತೆ ಗೊತ್ತುಮಾಡಿ ಕೊಟ್ಟರೆ ಅದು ಕೊಸರೇ ಅಲ್ಲ, ತೂಕ. ಕಂಪನಿ ನನ್ನ ಕೈ ಹಿಡಿಯಿತು ಎಂದು ಕೂಗಾಡಿದವಳು, ನಾನೇ ಮೂವರ ಕೈಯನ್ನು ಎಣ್ಣೆಗಾಯಿ ಬಡಿಸಿ ಹಿಡಿದಿದ್ದೆ.

“ಪತ್ರದಾಗ ಎರಡೂ ತಪ್ಪು ಬರಿಯೂಣವ್ವಾ, ಕಂಪನೀದೂ ನಂದೂ” ಎಂದೆ. “ನನ್ನ ತಪ್ಪು ಮೊದಲ.”

“ಅತ್ಯಾರ, ಒಪ್ಪಂದ ಹೋದ್ರ?”

“ಹೋದ್ರ ನನ್ನ ಬೈ. ಆದ್ರ ಮುಚ್ಚಿಟ್ಟ ಉಳಿಸಿಕೊಂಡ್ರ, ಅವರ ಒಂದೊಂದ ಫೋನ್ ಬಂದಾಗೂ ನೀ ಬೆದರತಿ.”

ಅವಳು ಬೈಲಹೊಂಗಲದಲ್ಲಿ ಇಳಿಯುವಾಗ, “ಹೂಂ, ಬರೀರಿ” ಎಂದಳು.

ಅಂದೇ ಗುಂಪಿನಲ್ಲಿ ಬರೆದೆ: “ನಾನು ಮಾಡಿಸಿದ ಈ ಮಾತು ತಪ್ಪು, ಕಾಯ್ದೆಗೂ ವಿರುದ್ಧ. ನಾನು ಇದರಿಂದ ಹೊರಗೆ ಬಂದಿದ್ದೇನೆ. ಯಾರು ಏನು ಕೊಡುತ್ತಾರೋ ಅವರವರ ಇಚ್ಛೆ. ಇದನ್ನು ಕಂಪನಿಗೂ ತಿಳಿಸುತ್ತೇನೆ, ನನ್ನ ಹೆಸರಿನಲ್ಲಿ.”

ಒಂದು ಗಳಿಗೆಯಲ್ಲಿ ರಾಮದುರ್ಗದವರ ಫೋನು ಬಂತು. “ಅಕ್ಕಾರ, ವೀಳ್ಯಾ ತಿಂದ ಮಾತು ತಪ್ಪತೀರೇನ್ರಿ? ನಿಮ್ಮ ಮನಿ ಉಪ್ಪು ಉಂಡು ನಾ ಒಪ್ಪಿದೆ. ಈಗ ನಮ್ಮನ್ನೂ ಸಿಗಸತೀರಿ.”

“ಅಣ್ಣಾರ, ಕರದಾಕಿ ನಾನ, ಬರದಾಕಿ ನಾನ. ಹಂಗ ಬರೀತೀನಿ.”

“ವೀಳ್ಯಾ ನಾನೂ ತಿಂದೀನಲ್ಲರಿ” ಎಂದು ಫೋನಿಟ್ಟರು. ವ್ಯಾಪಾರಸ್ಥರ ಮನೆಯಲ್ಲಿ, ವೀಳ್ಯ ತಿಂದು ಮಾತು ತಪ್ಪಿದರು ಎನ್ನುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ನಾನು ತಿರುಗಿ ಫೋನು ಮಾಡಿದೆ. ಎತ್ತಲಿಲ್ಲ.

ಪತ್ರ ಬರೆಯಲು ಎರಡು ಮಧ್ಯಾಹ್ನ ಹಿಡಿಯಿತು. ನಾನು ಒಂದು ಬೆರಳಿನಲ್ಲಿ ಕನ್ನಡದಲ್ಲಿ ಒತ್ತಿದೆ. ಸೊಸೆ ಇಂಗ್ಲಿಷ್ ಮಾಡಿದಳು, ವಕೀಲೆ ಕಾಯ್ದೆಯ ಕಲಮು ಸೇರಿಸಿದರು. ಮುಖ್ಯ ಮಾತು ಇಷ್ಟು: “ನಾನು ಮೂವರು ಡೀಲರುಗಳನ್ನು ಕೂಡಿಸಿ ಕೊಸರಿನ ಅಳತೆ ಗೊತ್ತುಮಾಡಿದೆ. ಅದು ತಪ್ಪು ಎಂದು ತಿಳಿದ ದಿನವೇ ಬಿಟ್ಟೆ. ನೀವು ನಿಮ್ಮ ಡೀಲರುಗಳಿಗೆಲ್ಲ ಕೊಸರಿನ ಅಳತೆ ಗೊತ್ತುಮಾಡಿದ್ದೀರಿ. ನಮ್ಮ ಪಾಲಿನಲ್ಲಿ ಬಿಟ್ಟುಕೊಡುವುದು ನಮ್ಮ ಇಚ್ಛೆ ಎಂದು ಒಂದು ಕಾಗದ ಕೊಡಿ. ಕೊಡುವುದಿಲ್ಲವಾದರೆ ಯಾಕೆ ಎಂಬುದನ್ನಾದರೂ ಕಾಗದದಲ್ಲಿ ಕೊಡಿ. ಅದನ್ನು ಆಯೋಗದ ಮುಂದೆ ಇಟ್ಟು ಕೇಳುತ್ತೇವೆ.”

ಉತ್ತರ ಬರಲಿಲ್ಲ. ಮೂವತ್ತು ದಿನ ಮುಗಿದವು. ನನ್ನನ್ನು ಕೆಲಸದಿಂದ ತೆಗೆದ ಹಾಗಿರಲೆಂದು ಸೊಸೆ ನನಗೆ ಶೋರೂಮಿನೊಳಗೆ ಬರಬೇಡಿ ಎಂದಳು. ಬರಲಿಲ್ಲ. ಗೇಟಿನ ಹೊರಗೆ ರಸ್ತೆಯ ಮೇಲೆ ನಿಂತು ಆರತಿ ಎತ್ತಿದೆ. ರಸ್ತೆ ಕಂಪನಿಯದಲ್ಲವಲ್ಲ. ಆದರೆ ಕೊಸರು ಕೊಡಲಿಲ್ಲ, ಉಡಿಯನ್ನೂ ತುಂಬಲಿಲ್ಲ. ನೇಸರಗಿಯ ಒಬ್ಬಾಕೆ ಸೆರಗು ಹಿಡಿದು ನಿಂತು, ನಾನು ಸುಮ್ಮನಿದ್ದದ್ದು ಕಂಡು ಮೆಲ್ಲಗೆ ಸೆರಗು ಇಳಿಸಿದಳು. ಆ ಇಡೀ ಪ್ರಕರಣದಲ್ಲಿ ನನಗೆ ಅಳು ಬಂದದ್ದು ಅದೊಂದೇ ಸಲ.

ಒಪ್ಪಂದ ಮುಗಿಯಲು ಮೂರು ವಾರ ಇರುವಾಗ ಏರಿಯಾ ಅಧಿಕಾರಿ ಬಂದರು. ಗೇಟಿನ ಹೊರಗೆ ಕುರ್ಚಿ ಹಾಕಿಕೊಂಡಿದ್ದ ನನ್ನ ಎದುರಿಗೇ ನಿಂತರು.

“ಅಮ್ಮಾರ, ಆ ಪತ್ರಾ ನೀವ ಬರದ್ರೇನು?”

“ಒಂದ ಬೆರಳಲೆ.”

“ನಿಮ್ಮ ಗುಂಪಿನ ವಿಷಯ ನಮಗ ಗೊತ್ತ ಇರಲಿಲ್ಲ. ನೀವಾಗಿ ಯಾಕ ಹೇಳಿದ್ರಿ?”

“ಆ ಹೆಣ್ಮಗಳು ಪಾಪ, ಇನ್ನೊಂದ ಸಲ ಚೀಲಾ ಹೊತ್ತ ಬರೂದ ಬ್ಯಾಡ ಅಂತ.”

ಅವರು ನಗುವನ್ನು ಕಷ್ಟಪಟ್ಟು ತಡೆದರು. ಒಳಗೆ ಹೋಗಿ ಸೊಸೆಯ ಕೈಗೆ ಒಂದು ಲಕೋಟೆ ಕೊಟ್ಟರು. ಹೊಸ ಒಪ್ಪಂದ. ಒಂದೇ ಪುಟ ಬದಲಾಗಿತ್ತು: ಕಂಪನಿ ಹೇಳುವ ದರ ಗರಿಷ್ಠ ದರ, ಅದಕ್ಕಿಂತ ಕಡಿಮೆಗೆ ಮಾರುವುದು ಡೀಲರನಿಗೆ ಬಿಟ್ಟದ್ದು. ದಂಡದ ಮಾತು ಇರಲಿಲ್ಲ, ನನ್ನನ್ನು ತೆಗೆಯುವ ಮಾತೂ ಇರಲಿಲ್ಲ. ತಪ್ಪಾಯಿತು ಎಂದೂ ಬರೆದಿರಲಿಲ್ಲ. ನಮ್ಮ ಪತ್ರಕ್ಕೆ ಹೆದರಿದರೋ, ಬೇರೆ ಕಡೆಯ ಡೀಲರುಗಳೂ ಕೇಳಿದ್ದರೋ, ಅವರ ವಕೀಲರೇ ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದೆ. “ಪಾಲಿಸಿ ಬದಲಾಗೇತ್ರಿ” ಎಂದಷ್ಟೇ ಹೇಳಿ ಚಹಾ ಕುಡಿದು ಹೋದರು. ನಾಲ್ಕೂ ಊರಿಗೂ ಅದೇ ಪುಟ ಹೋಗಿತ್ತು.

ನಾನು ಕುರ್ಚಿ ಎತ್ತಿಕೊಂಡು ಒಳಗೆ ಬಂದೆ.

ಇದಾಗಿ ಎರಡು ತಿಂಗಳಿಗೆ ನನ್ನ ಸ್ವಂತ ತಮ್ಮ ನೇಸರಗಿಯಿಂದ ಹೊಸ ಕಾರು ಹೊಡೆದುಕೊಂಡು ಬಂದು ನಮ್ಮ ಶೋರೂಮಿನ ಮುಂದೆಯೇ ನಿಲ್ಲಿಸಿದ. ನಮ್ಮದೇ ಕಂಪನಿಯ ಕಾರು. ನಂಬರಿನ ಪಟ್ಟಿಯ ಕೆಳಗೆ ರಾಮದುರ್ಗದ ಡೀಲರಿನ ಹೆಸರು.

“ಅಕ್ಕನ ಅಂಗಡಿ ದಾಟಿ ರಾಮದುರ್ಗಕ್ಕ ಹೋಗಿದ್ದಿ?” ಎಂದೆ.

“ನಿಮ್ಮಲ್ಲಿ ಬರೇ ಮ್ಯಾಟು, ಸೀಟ್ ಕವರು ಅಕ್ಕಾ. ಅವರು ಅದರ ಮ್ಯಾಲ ಹಾಡಿನ ಪೆಟ್ಟಗಿನೂ ಕೊಟ್ರು, ಟ್ಯಾಂಕ್ ತುಂಬಾ ಎಣ್ಣಿನೂ ಹಾಕಿಸಿದ್ರು. ಚಹಾ ಮಾತ್ರ ಮೊದಲ ನಿಮ್ಮಲ್ಲೇ ಕುಡದಿದ್ದೆ.”

ಏರಿಯಾ ಸಾಹೇಬರ ಮಾತು ನೆನಪಾಗಿ ಮೈ ಉರಿಯಿತು. ಸೊಸೆ ಕೌಂಟರಿನ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

“ಹಾಂ, ನಿನಗೊಂದು ಕೊಟ್ಟ ಕಳಿಸ್ಯಾರ” ಎಂದು ತಮ್ಮ ಕಿಸೆಯಿಂದ ಬಾಳೆಎಲೆಯ ಸಣ್ಣ ಪೊಟ್ಟಣ ತೆಗೆದ. “‘ಅಕ್ಕಾರಿಗೆ ಕೊಡ್ರಿ, ಇದು ಕೊಸರು’ ಅಂದ್ರು.”

ಬಿಚ್ಚಿದೆ. ಎರಡು ವೀಳ್ಯದೆಲೆ, ಒಂದು ಅಡಿಕೆ. ನಾನು ಅಂದು ಹಂಚಿದಷ್ಟೇ.

ಅಲ್ಲೇ ನಿಂತು ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡೆ. ಎಲೆ ಎಳೆಯದು, ಖಾರ ಜೋರಾಗಿತ್ತು. ನಿಧಾನಕ್ಕೆ ಅಗಿದು, ತಮ್ಮನ ಹೆಂಡತಿಯನ್ನು ಕಾರಿನಿಂದ ಇಳಿಸಿ, ಗಾಡಿ ಎಲ್ಲಿಂದಲಾದರೂ ಬರಲಿ ಎಂದು ಅವಳ ಉಡಿ ತುಂಬಿದೆ. ಆಮೇಲೆ ಸೊಸೆಯ ಕಡೆ ತಿರುಗಿದೆ.

“ಆ ಹಾಡಿನ ಪೆಟ್ಟಗಿ ನಮಗೆಷ್ಟಕ್ಕ ಬೀಳ್ತೈತಿ, ಕೇಳ್ ನೋಡೂಣು.”